ನಿಜಕ್ಕೂ ಹೆದರಿಸುವ ವೇರ್‌ವುಲ್ಫ್ ಸಿನಿಮಾಗಳು ಯಾವುವು? ನಿಮಗೆ ಇಷ್ಟವಾದವು ಹೇಳಿ

ವೇರ್‌ವುಲ್ಫ್ ಅಂದರೆ ಕಥೆಗಳಲ್ಲಿ ಹುಣ್ಣಿಮೆ ರಾತ್ರಿ ತೋಳವಾಗೋ ಮನುಷ್ಯ, ಅದು ಕಚ್ಚಿ ಬದುಕುಳಿದವರೂ ಹಾಗೇ ಆಗ್ತಾರೆ. ‘ಟ್ವಿಲೈಟ್’, ‘ಅಂಡರ್‌ವರ್ಲ್ಡ್’ ಎರಡನ್ನೂ ನೋಡಿದೆ, ಒಂದು ಚೂರೂ ಹೆದರಿಕೆ ಆಗಲಿಲ್ಲ, ಬೇರೆ ಇದ್ದರೆ ಹೇಳಿ ಅಂತ ಕೇಳಿದ್ದೀರಿ. ಅವೆರಡನ್ನ ನೋಡಿ ಯಾರೂ ಹೆದರೋದಿಲ್ಲ ಬಿಡಿ. ಒಂದು ಪ್ರೇಮಕಥೆ, ಇನ್ನೊಂದು ಗುಂಡಿನ ಕಾಳಗ. ಎರಡರಲ್ಲೂ ತೋಳವಾದವನಿಗೆ ಬಲ ಬರುತ್ತೆ, ಮೈಕಟ್ಟು ಬರುತ್ತೆ. ಕಳಕೊಳ್ಳೋದು ಅಂಗಿ ಒಂದೇ.

ಒಂದೇ ಹೆಸರು ಸಾಕು ಅನ್ನೋದಾದರೆ 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. ಇಲ್ಲಿಗೇ ಓದೋದು ನಿಲ್ಲಿಸಿ ಹೋಗಿ ಅದನ್ನ ನೋಡಬಹುದು. ಪುರುಸೊತ್ತಿದ್ದರೆ ಮುಂದೆ ಓದಿ, ಸ್ವಲ್ಪ ಉದ್ದ ಇದೆ.

ನಾನು ದಾವಣಗೆರೆಯವನು, ಅಮ್ಮನ ತವರು ಜಗಳೂರು ಕಡೆ. ರಂಗಯ್ಯನದುರ್ಗದ ಕುರುಚಲು ಕಾಡನ್ನು ಸರ್ಕಾರ ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತ ವನ್ಯಜೀವಿಧಾಮ ಮಾಡಿದೆ. ಆದರೆ ಆ ಕಡೆ ಕುರಿ ಕಾಯೋರ ಬಾಯಲ್ಲಿ ಕೇಳಿಬರೋದು ತೋಳದ ಸುದ್ದಿಯೇ. ಮರಿ ಹೊತ್ಕೊಂಡು ಹೋಯ್ತು ಅಂತ ಬೈತಾರೆ, ಮಣ್ಣು ತೂರಿ ಶಾಪ ಹಾಕ್ತಾರೆ. ಹಾಗಂತ ರಾತ್ರಿ ಹಿಂಡಿನ ಜೊತೆ ಹೊಲದಲ್ಲಿ ಮಲಗೋದನ್ನ ಯಾರೂ ಬಿಟ್ಟಿಲ್ಲ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅನ್ನೋ ಗಾದೆ ಕಟ್ಟಿದ ಜನಕ್ಕೆ ತೋಳದ ಮೇಲೆ ಸಿಟ್ಟು ಇರಬಹುದು, ಭಯ ಎಲ್ಲಿಂದ ಬರಬೇಕು? ಇನ್ನು ಹುಣ್ಣಿಮೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಹುಡುಗರನ್ನ ಹೊರಗೆ ಬಿಡದೇ ಇರೋದು ಅಮಾವಾಸ್ಯೆ ದಿನ. ಹುಣ್ಣಿಮೆ ಅಂದರೆ ಎತ್ತಿನ ಕೊಂಬಿಗೆ ಬಣ್ಣ ಬಳಿಯೋ ಕಾರಹುಣ್ಣಿಮೆ, ಹೊಲದಲ್ಲಿ ಚರಗ ಚೆಲ್ಲೋ ಸೀಗೆ ಹುಣ್ಣಿಮೆ, ಉಚ್ಚಂಗಿದುರ್ಗಕ್ಕೆ ಜನ ಹರಿದುಹೋಗೋ ಭಾರತ ಹುಣ್ಣಿಮೆ. ಎಲ್ಲ ಹಬ್ಬವೇ.

ಹಾಗಾಗಿ ತೋಳ, ಹುಣ್ಣಿಮೆ ಎರಡನ್ನೇ ನಂಬಿಕೊಂಡು ತೆಗೆದ ಸಿನಿಮಾ ನನ್ನ ಮೇಲೆ ಏನೂ ಕೆಲಸ ಮಾಡೋದಿಲ್ಲ. ನನಗೆ ಹೆದರಿಕೆ ಹುಟ್ಟಿಸೋದು ಮರುದಿನದ ಬೆಳಗ್ಗೆ. ರಾತ್ರಿ ತಾನು ಎಲ್ಲಿದ್ದೆ, ಯಾರನ್ನ ಏನು ಮಾಡಿದೆ ಅಂತ ಗೊತ್ತಿಲ್ಲದೆ, ಮೈಮೇಲೆ ಬಟ್ಟೆ ಇಲ್ಲದೆ ಎದ್ದು ಕೂರೋ ಮನುಷ್ಯ ಇದಾನಲ್ಲ, ಅವನು. ನಿರ್ದೇಶಕ ಆ ಬೆಳಗನ್ನ ಹೇಗೆ ತೆಗೆದಿದಾನೆ ಅಂತ ನೋಡಿಯೇ ನಾನು ಸಿನಿಮಾಗೆ ಮಾರ್ಕ್ಸ್ ಕೊಡೋದು. ಕೆಳಗಿನವೆಲ್ಲ ಇದೇ ಲೆಕ್ಕದಲ್ಲಿ ಆರಿಸಿದ್ದು, ಒಂದೆರಡನ್ನ ಬಿಟ್ಟು.

ಲಂಡನ್ ಸಿನಿಮಾ ತೆಗೆದವನು ಜಾನ್ ಲ್ಯಾಂಡಿಸ್. ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಊರೂರು ತಿರುಗೋ ಇಬ್ಬರು ಅಮೆರಿಕದ ಹುಡುಗರು, ಡೇವಿಡ್ ಮತ್ತು ಜ್ಯಾಕ್, ಇಂಗ್ಲೆಂಡಿನ ಯಾರ್ಕ್‌ಷೈರ್ ಬಯಲಲ್ಲಿ ಒಂದು ಹಳ್ಳಿಯ ಪಬ್ಬಿಗೆ ಹೋಗ್ತಾರೆ. ಇವರನ್ನ ಕಂಡು ಒಳಗಿದ್ದವರ ಮಾತೇ ನಿಂತುಹೋಗುತ್ತೆ. ರಸ್ತೆ ಬಿಟ್ಟು ಇಳಿಬೇಡಿ, ಚಂದ್ರನ ಬಗ್ಗೆ ಹುಷಾರು ಅಂತಷ್ಟೇ ಹೇಳಿ ಕಳಿಸ್ತಾರೆ. ಹುಡುಗರು ಮಾತಾಡ್ತಾ ಮಾತಾಡ್ತಾ ರಸ್ತೆ ಬಿಡ್ತಾರೆ. ತೋಳ ಮೇಲೆ ಬೀಳುತ್ತೆ. ಜ್ಯಾಕ್ ಅಲ್ಲೇ ಸಾಯ್ತಾನೆ, ಡೇವಿಡ್ ಗಾಯದೊಂದಿಗೆ ಉಳೀತಾನೆ. ಲಂಡನ್ನಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ಎದುರಿಗೆ ಸತ್ತ ಜ್ಯಾಕ್ ನಿಂತಿದಾನೆ! ಗಂಟಲು ಹರಿದು ಚರ್ಮ ಜೋತಾಡ್ತಾ ಇದೆ, ಆದರೂ ತಟ್ಟೆಯಲ್ಲಿರೋ ಟೋಸ್ಟ್ ಒಂದು ತಗೊಳ್ಳಲಾ ಅಂತ ಕೇಳ್ತಾನೆ. ಬಂದ ಕಾರಣ ಇಷ್ಟೇ: ಮುಂದಿನ ಹುಣ್ಣಿಮೆಗೆ ನೀನು ತೋಳ ಆಗ್ತೀಯ, ಅದಕ್ಕೆ ಮುಂಚೆ ಸತ್ತುಹೋಗು. ಪ್ರತಿ ಸಲ ಬಂದಾಗಲೂ ಮೊದಲಿಗಿಂತ ಹೆಚ್ಚು ಕೊಳೆತಿರ್ತಾನೆ, ತಮಾಷೆ ಮಾತ್ರ ಬಿಡೋದಿಲ್ಲ. ನಗಬೇಕೋ ಕಣ್ಣು ಮುಚ್ಚಬೇಕೋ ಗೊತ್ತಾಗೋದಿಲ್ಲ.

ಎಲ್ಲರೂ ಹೊಗಳೋದು ಡೇವಿಡ್ ತೋಳವಾಗೋ ಸೀನನ್ನ. ಅದರ ಬಗ್ಗೆ ನನ್ನ ಸೋದರಮಾವ ಹೇಳಿದ ಮಾತು ಹೇಳ್ತೀನಿ. ಅವರು ನಾಟಕಗಳಿಗೆ ಮೇಕಪ್ ಮಾಡ್ತಿದ್ದೋರು. ದಾವಣಗೆರೆ ಚಿಂದೋಡಿ ಲೀಲಾ ಅವರ ಊರು, ವೃತ್ತಿ ನಾಟಕ ಕಂಪನಿಗಳ ಊರು. ಹಳ್ಳಿಗಳಲ್ಲಿ ಜಾತ್ರೆ ನಾಟಕ ಅಂದರೆ ಬಣ್ಣದ ಪೆಟ್ಟಿಗೆ ಹಿಡ್ಕೊಂಡು ಮಾವ ಹೊರಟುಬಿಡೋರು, ಗಮ್ ಹಚ್ಚಿ ರಾಕ್ಷಸರಿಗೆ ಗಡ್ಡ ಮೀಸೆ ಅಂಟಿಸೋರು. ಇಂಗ್ಲಿಷ್ ಸಿನಿಮಾ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಒಂದು ಸಲ ಈ ಸೀನ್ ತೋರಿಸಿದೆ. ಮುಗಿಯೋವರೆಗೂ ಕಣ್ಣು ಮಿಟುಕಿಸದೆ ನೋಡಿ, ‘ಲೈಟ್ ಹಾಕ್ಕೊಂಡು ಮಾಡಿದಾನಲ್ಲೋ!’ ಅಂದರು. ಅಷ್ಟೇ. ಮೇಕಪ್ ಗೊತ್ತಿರೋರ ಕಣ್ಣು ಬಿದ್ದಿದ್ದು ಅಲ್ಲಿ. ಅಂಟಿಸಿದ ಕೂದಲಿನ ಅಂಚು, ರಬ್ಬರಿನ ಮಡಿಕೆ ಕಾಣಬಾರದು ಅಂತ ಇಂಥದ್ದನ್ನ ಯಾವಾಗಲೂ ಕತ್ತಲಲ್ಲಿ ತೆಗೀತಾರೆ. ಇಲ್ಲಿ ಮನೆಯ ಹಾಲಿನಲ್ಲಿ ಝಗಝಗ ಬೆಳಕು. ಕೈ ಕಣ್ಣೆದುರೇ ಉದ್ದ ಆಗುತ್ತೆ, ಬೆನ್ನುಮೂಳೆ ಏಳುತ್ತೆ, ಮೂತಿ ಮುಂದಕ್ಕೆ ಬರುತ್ತೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ಮೇಕಪ್ ಮಾಡಿದ ರಿಕ್ ಬೇಕರ್, ಒಳಗಿಂದ ಹಿಗ್ಗಿಸಬಹುದಾದ ನಕಲಿ ಕೈ, ನಕಲಿ ತಲೆ ತಯಾರಿಸಿದ್ದ. ಕೆಲವು ಶಾಟ್‌ಗಳಲ್ಲಿ ನಟನ ಅರ್ಧ ಮೈ ನೆಲದ ಕೆಳಗಿದೆ, ಮೇಲೆ ಕಾಣೋದು ನಕಲಿ ಮೈ. ಕೂದಲು ಬೆಳೆಯೋದನ್ನ ತೆಗೆದ ರೀತಿ ಇನ್ನೂ ಮಜಾ: ನಕಲಿ ಚರ್ಮದೊಳಗೆ ಕೂದಲನ್ನ ಎಳೆದುಕೊಳ್ತಾ ಶೂಟ್ ಮಾಡಿ ರೀಲನ್ನ ಉಲ್ಟಾ ಓಡಿಸಿದ್ದಾರೆ. ಅತ್ಯುತ್ತಮ ಮೇಕಪ್ ಅಂತ ಆಸ್ಕರ್‌ನಲ್ಲಿ ಪ್ರತ್ಯೇಕ ವಿಭಾಗ ಶುರುವಾದಾಗ ಮೊದಲ ಪ್ರಶಸ್ತಿ ಇದಕ್ಕೇ ಬಂತು. ಹಿನ್ನೆಲೆಯಲ್ಲಿ ಮಾತ್ರ ಹಿತವಾದ ‘ಬ್ಲೂ ಮೂನ್’ ಹಾಡು ಓಡ್ತಾ ಇರುತ್ತೆ. ಅವನು ಕಿರುಚ್ತಾ ಇದಾನೆ, ಹಾಡಿನವನಿಗೆ ಅದರ ಪರಿವೆಯೇ ಇಲ್ಲ.

ಆದರೆ ನಾನು ಮತ್ತೆ ಮತ್ತೆ ಹಾಕಿ ನೋಡೋದು ಅದರ ಮುಂದಿನ ಭಾಗ. ಡೇವಿಡ್‌ಗೆ ಎಚ್ಚರ ಆಗೋದು ಲಂಡನ್ ಮೃಗಾಲಯದಲ್ಲಿ, ತೋಳಗಳ ಆವರಣದೊಳಗೆ, ಬೆತ್ತಲಾಗಿ. ಒಬ್ಬ ಹುಡುಗನ ಬಲೂನ್ ಕಿತ್ಕೊಂಡು ಮಾನ ಮುಚ್ಕೊಳ್ತಾನೆ, ಯಾರದೋ ಹೆಂಗಸಿನ ಕೋಟು ಹಾಕ್ಕೊಂಡು ಬಸ್ಸಿಗೆ ಕಾಯ್ತಾನೆ. ಮೈಯಲ್ಲಿ ಎಂದೂ ಇಲ್ಲದ ಹುರುಪು. ನಾವೂ ನಗ್ತಾ ಇರ್ತೀವಿ. ಆಮೇಲೆ ಟ್ಯಾಕ್ಸಿಯಲ್ಲಿ ಹೋಗೋವಾಗ ಡ್ರೈವರ್, ರಾತ್ರಿ ಆರು ಜನರ ಕೊಲೆ ಆಯ್ತಂತೆ ಅಂತ ಊರ ಸುದ್ದಿ ಹೇಳ್ತಾನೆ. ಆಗ ಡೇವಿಡ್‌ನ ಮುಖ ನೋಡಬೇಕು. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಭಯಾನಕ ಅಂದರೆ ಆ ಟ್ಯಾಕ್ಸಿ ಸೀನು. (ಮನೆಯಲ್ಲಿ ಹಿರಿಯರು, ಮಕ್ಕಳು ಇರೋವಾಗ ಟಿವಿಗೆ ಹಾಕಬೇಡಿ. ರಕ್ತ ಇದೆ, ಬೆತ್ತಲೆ ಸೀನುಗಳೂ ಇವೆ.)

ಹಳೇ ಕಪ್ಪು-ಬಿಳುಪು ಸಿನಿಮಾ ನೋಡೋ ತಾಳ್ಮೆ ಇದ್ದರೆ 1941ರ ‘ದಿ ವುಲ್ಫ್ ಮ್ಯಾನ್’ ನೋಡಿ. ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಲಾನ್ ಚೇನಿ ಜೂನಿಯರ್ ನಾಯಕ. ಮೇಕಪ್ ಮಾಡಿದ ಜ್ಯಾಕ್ ಪಿಯರ್ಸ್ ಯಾಕ್ ಪ್ರಾಣಿಯ ಕೂದಲನ್ನ ಅವನ ಮುಖಕ್ಕೆ ಅಂಟಿಸ್ತಿದ್ದ, ನಮ್ಮ ಮಾವನ ಪದ್ಧತಿಯೇ. ಇವತ್ತಿನ ಕಣ್ಣಿಗೆ ಆ ತೋಳ ಸ್ವಲ್ಪ ಕರಡಿ ಥರ ಕಾಣಬಹುದು. ಮನುಷ್ಯ ತೋಳ ಆಗೋವಾಗ ಬರೀ ಕಾಲು ತೋರಿಸ್ತಾರೆ, ಮುಖ ಬದಲಾಗೋದನ್ನ ಕೊನೆಗೆ ಇಟ್ಟುಕೊಂಡಿದಾರೆ. ಬೆಳ್ಳಿಯಿಂದಲೇ ಇದನ್ನ ಕೊಲ್ಲಬೇಕು ಅನ್ನೋದು ಇವತ್ತು ಎಲ್ಲರಿಗೂ ಗೊತ್ತಿರೋದಕ್ಕೆ ಈ ಸಿನಿಮಾ ದೊಡ್ಡ ಕಾರಣ. ಹುಣ್ಣಿಮೆ ಮಾತ್ರ ಇದರಲ್ಲಿಲ್ಲ, 1943ರ ಮುಂದಿನ ಭಾಗದಲ್ಲಿ ಸೇರಿಸಿದ್ದು. ಚಿತ್ರಕಥೆ ಬರೆದ ಕರ್ಟ್ ಸಿಯೋಡ್ಮ್ಯಾಕ್ ಯಹೂದಿ, ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದವನು. ಕಥೆಯಲ್ಲಿ ತೋಳದ ಮುಂದಿನ ಬಲಿ ಯಾರೋ ಅವರ ಅಂಗೈಯಲ್ಲಿ ಒಂದು ನಕ್ಷತ್ರ ಮೂಡುತ್ತೆ. ನಾಜಿಗಳು ಯಹೂದಿಗಳ ಬಟ್ಟೆಗೆ ನಕ್ಷತ್ರ ಹಾಕಿಸ್ತಿದ್ದರಲ್ಲ, ಬರೆದವನು ಯಾರು ಅಂತ ತಿಳಿದ ಮೇಲೆ ಈ ನಕ್ಷತ್ರ ಬೇರೆಯೇ ರೀತಿ ಚುಚ್ಚುತ್ತೆ. ಇದರಲ್ಲೂ ಒಂದು ಬೆಳಗ್ಗೆ ಇದೆ: ನಾಯಕ ಎದ್ದು ನೋಡಿದರೆ ಕಿಟಕಿಯಿಂದ ತನ್ನ ಮಂಚದವರೆಗೂ ಮಣ್ಣಿನ ತೋಳಹೆಜ್ಜೆ. ಯಾರಾದರೂ ಬರೋದಕ್ಕೆ ಮುಂಚೆ ಅದನ್ನ ಅಳಿಸೋಕೆ ನೋಡ್ತಾನೆ.

ನನ್ನ ಎರಡನೇ ಸ್ಥಾನ ಕೆನಡಾದ ‘ಜಿಂಜರ್ ಸ್ನ್ಯಾಪ್ಸ್’ಗೆ, 2000ದ್ದು. ಜಿಂಜರ್, ಬ್ರಿಜಿಟ್ ಅಂತ ಅಕ್ಕ-ತಂಗಿ. ಬೇರೆ ಯಾರ ಸಹವಾಸವೂ ಇಲ್ಲ, ತಾವು ಸತ್ತ ಹಾಗೆ ನಟಿಸಿ ಫೋಟೋ ತೆಗೆಯೋದೇ ಇಬ್ಬರ ಹವ್ಯಾಸ. ಅಕ್ಕ ಮೈನೆರೆದ ರಾತ್ರಿಯೇ ತೋಳ ಕಚ್ಚುತ್ತೆ. ಇಲ್ಲಿ ಒಂದು ರಾತ್ರಿ ತೋಳವಾಗಿ ಬೆಳಗ್ಗೆ ಮನುಷ್ಯಳಾಗೋ ಅನುಕೂಲ ಇಲ್ಲ, ದಿನದಿನಕ್ಕೂ ಸ್ವಲ್ಪ ಸ್ವಲ್ಪ ಬದಲಾಗ್ತಾ ಹೋಗ್ತಾಳೆ. ಕೂದಲು ಬರುತ್ತೆ, ಸಿಟ್ಟು ಬರುತ್ತೆ, ಬಾಲವೂ ಬರುತ್ತೆ. ಶಾಲೆಯ ನರ್ಸ್ ಹತ್ತಿರ ಹೋದರೆ ಇದೆಲ್ಲ ಈ ವಯಸ್ಸಿಗೆ ಸಹಜ ಅಂತ ನಗುನಗ್ತಾ ಕಳಿಸ್ತಾಳೆ. ಅಮ್ಮನೂ ಅದನ್ನೇ ನಂಬಿದಾಳೆ. ಮನೆಯಲ್ಲಿ ಹೆಣ್ಣುಮಕ್ಕಳ ಜೊತೆ ಬೆಳೆದೋರಿಗೆ, ‘ದೊಡ್ಡವಳಾದ’ ಮೇಲೆ ಒಬ್ಬ ಹುಡುಗಿಯನ್ನ ಸುತ್ತಲಿನವರೆಲ್ಲ ನೋಡೋ ಕಣ್ಣು ಹೇಗೆ ಬದಲಾಗುತ್ತೆ ಅಂತ ಕಂಡೋರಿಗೆ, ಇದು ತುಂಬ ಹತ್ತಿರದ ಕಥೆ ಅನಿಸುತ್ತೆ. ಎಲ್ಲ ಗೊತ್ತಿರೋದು ತಂಗಿಗೆ ಒಬ್ಬಳಿಗೇ. ಅಕ್ಕ ಕೈತಪ್ಪಿ ಹೋಗ್ತಾ ಇರೋದನ್ನ ದಿನಾ ಬೆಳಗ್ಗೆ ಪಕ್ಕದ ಹಾಸಿಗೆಯಿಂದ ನೋಡಬೇಕು ಅವಳು. ಕೊನೆ ಹೇಳೋದಿಲ್ಲ.

ಇದೇ ಸಾಲಿಗೆ ಬರೋದು ಬ್ರೆಜಿಲ್‌ನ ‘ಗುಡ್ ಮ್ಯಾನರ್ಸ್’, 2017. ಪೋರ್ಚುಗೀಸ್ ಭಾಷೆ, ಸಬ್‌ಟೈಟಲ್ ಬೇಕೇ ಬೇಕು. ಸಾವೊ ಪಾಲೊ ನಗರದಲ್ಲಿ ಶ್ರೀಮಂತ ಗರ್ಭಿಣಿ ಒಬ್ಬಳನ್ನ ನೋಡಿಕೊಳ್ಳೋಕೆ ಕ್ಲಾರಾ ಅನ್ನೋ ಬಡ ಹೆಂಗಸು ಕೆಲಸಕ್ಕೆ ಸೇರ್ತಾಳೆ. ಅರ್ಧ ಸಿನಿಮಾ ಆದ ಮೇಲೆ ಕಥೆಯೇ ಬೇರೆ ದಾರಿ ಹಿಡಿದು, ತೋಳವಾಗೋ ಹುಡುಗನನ್ನ ಸಾಕೋ ತಾಯಿಯ ಕಥೆ ಆಗುತ್ತೆ. ಮಾಂಸ ಮುಟ್ಟಿಸದೆ ಬೆಳೆಸ್ತಾಳೆ, ಹುಣ್ಣಿಮೆ ಬಂದರೆ ಪುಟ್ಟ ಕೋಣೆಯಲ್ಲಿ ಸರಪಳಿ ಹಾಕಿ ಮಲಗಿಸ್ತಾಳೆ. ನಿಧಾನದ ಸಿನಿಮಾ, ನಡುವೆ ಹಾಡೂ ಇವೆ. ಕಿರುಚಾಡೋ ಹಾರರ್ ಬೇಕು ಅನ್ನೋರಿಗೆ ಬೇಡ.

ಆಗಲೇ ಬಿಟ್ಟಿದ್ದೀನಿ ಅಂದ ಒಂದೆರಡರಲ್ಲಿ ಮೊದಲನೇದು ‘ಡಾಗ್ ಸೋಲ್ಜರ್ಸ್’, 2002, ನಿರ್ದೇಶಕ ನೀಲ್ ಮಾರ್ಷಲ್. ಇದರಲ್ಲಿ ಬೆಳಗಿನ ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಸ್ಕಾಟ್ಲೆಂಡ್ ಕಾಡಿಗೆ ತರಬೇತಿಗೆ ಬಂದ ಸೈನಿಕರು ಒಂದು ಒಂಟಿ ಮನೆಯೊಳಗೆ ಸಿಕ್ಕಿಬೀಳ್ತಾರೆ, ಹೊರಗೆ ತೋಳಗಳು, ಬೆಳಗಾಗೋವರೆಗೂ ಬದುಕಿದರೆ ಸಾಕು. ಆ ತೋಳಗಳೂ ಗ್ರಾಫಿಕ್ಸ್ ಅಲ್ಲ, ಮರಗಾಲು ಕಟ್ಟಿಕೊಂಡು ವೇಷ ಹಾಕಿದ ಮನುಷ್ಯರು, ಅದಕ್ಕೇ ಬಾಗಿಲಿಗಿಂತ ಎತ್ತರ ಕಾಣ್ತವೆ. ಸಾಯೋ ಹೊತ್ತಲ್ಲೂ ಇಂಗ್ಲೆಂಡ್-ಜರ್ಮನಿ ಫುಟ್‌ಬಾಲ್ ಮ್ಯಾಚ್ ತಪ್ಪಿಹೋಯ್ತಲ್ಲ ಅಂತ ಗೊಣಗೋ ಸೈನಿಕರು ಇವರು. ಹಾಸ್ಟೆಲ್ ರೂಮಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹರಡಿಕೊಂಡು ಗುಂಪಾಗಿ ನೋಡೋಕೆ ಇದಕ್ಕಿಂತ ಒಳ್ಳೇದಿಲ್ಲ. ಎರಡನೇದು ಜೋ ದಾಂತೆಯ ‘ದಿ ಹೌಲಿಂಗ್’, ಅದೂ 1981ರದ್ದೇ. ಕಥೆ ಮಧ್ಯೆ ಜೋಲುತ್ತೆ, ರಾಬ್ ಬೊಟಿನ್ ಮಾಡಿದ ರೂಪಾಂತರ ನೋಡೋದಕ್ಕೋಸ್ಕರ ಸಹಿಸಿಕೊಳ್ಳಬಹುದು.

ನಮ್ಮ ಕಡೆಯವು ಯಾವುವು ಅಂತ ಯಾರಾದರೂ ಕೇಳೇ ಕೇಳ್ತೀರಿ. ಮಹೇಶ್ ಭಟ್ಟರ ‘ಜುನೂನ್’ (1992) ಇದೆ. ರಾಹುಲ್ ರಾಯ್ ಹುಣ್ಣಿಮೆ ರಾತ್ರಿ ಹುಲಿ ಆಗ್ತಾನೆ. ಲಂಡನ್ ಸಿನಿಮಾದ ನೆರಳು ಎದ್ದು ಕಾಣುತ್ತೆ, ಆದರೂ ತೋಳದ ಬದಲು ಹುಲಿ ಹಾಕಿದ್ದು ಜಾಣತನ. ನಮ್ಮ ಜನ ಹೆದರಿರೋದು ಹುಲಿಗೇ ತಾನೆ. ಹಾಡುಗಳೂ ಚೆನ್ನಾಗಿವೆ, ಹೆದರಿಕೆ ಕಮ್ಮಿ. 1979ರ ‘ಜಾನಿ ದುಷ್ಮನ್’ನಲ್ಲಿ ಕೆಂಪು ಬಟ್ಟೆ ಉಟ್ಟ ಮದುಮಗಳನ್ನ ಹೊತ್ತೊಯ್ಯೋ ರೋಮದ ಪಿಶಾಚಿ ಬರುತ್ತೆ, ಇವತ್ತು ನೋಡಿದರೆ ನಗುವೇ ಬರೋದು. ವರುಣ್ ಧವನ್‌ನ ‘ಭೇಡಿಯಾ’ (2022) ಅರುಣಾಚಲದ ಕಾಡಿನಲ್ಲಿ ನಡೆಯೋದು, ರಸ್ತೆ ಮಾಡೋಕೆ ಕಾಡು ಕಡಿಸೋದಕ್ಕೆ ಬಂದ ಗುತ್ತಿಗೆದಾರನಿಗೇ ತೋಳ ಕಚ್ಚುತ್ತೆ. ಗ್ರಾಫಿಕ್ಸ್ ಚೆನ್ನಾಗಿದೆ, ಆದರೆ ಮೊದಲಿಗೆ ಅದು ಕಾಮಿಡಿ, ಮನೆಮಂದಿಯೆಲ್ಲ ಕೂತು ನೋಡಬಹುದು. ಕನ್ನಡದಲ್ಲಿ ಯಾರಾದರೂ ಇಂಥದ್ದೊಂದು ತೆಗೆಯೋದಾದರೆ ಒಂದು ಬೇಡಿಕೆ: ಹುಣ್ಣಿಮೆ ಕೈಬಿಡಿ, ಅಮಾವಾಸ್ಯೆ ಇಟ್ಟುಕೊಳ್ಳಿ. ಚಿತ್ರದುರ್ಗದ ಬಂಡೆಗಳ ಸಂದಿ ಇದೆ, ಜೋಗಿಮಟ್ಟಿ ಕಾಡಿದೆ, ಗುಡ್ಡದ ಮೇಲೆ ಗಾಳಿಯಂತ್ರಗಳು ಗುಂಯ್ ಅಂತ ತಿರುಗ್ತಾ ಇವೆ. ಸೆಟ್ ಹಾಕೋ ಖರ್ಚೇ ಇಲ್ಲ.

ನೋಡೋ ಕ್ರಮ ಹೇಳಬೇಕು ಅಂದರೆ ಲಂಡನ್ ಮೊದಲು, ಆಮೇಲೆ ಜಿಂಜರ್, ವೀಕೆಂಡಿಗೆ ಗೆಳೆಯರು ಸೇರಿದಾಗ ಸೋಲ್ಜರ್ಸ್. ಹುಡುಕೋವಾಗ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಪ್ಯಾರಿಸ್’ ಅಂತ 1997ರದ್ದೊಂದು ಸಿಗುತ್ತೆ, ಹೆಸರು ನೋಡಿ ಅದೇ ಇದರ ಎರಡನೇ ಭಾಗ ಅಂತ ಹಾಕ್ಕೊಂಡು ಕೂರಬೇಡಿ. ಲ್ಯಾಂಡಿಸ್ ನಿರ್ದೇಶನವೂ ಅಲ್ಲ, ಬೇಕರ್ ಮೇಕಪ್ಪೂ ಅಲ್ಲ. ಕಂಪ್ಯೂಟರಿನಲ್ಲಿ ಮಾಡಿದ ತೋಳಗಳು, ಹಳೇ ವಿಡಿಯೋ ಗೇಮಿನಿಂದ ಎದ್ದು ಬಂದ ಹಾಗಿವೆ.