ತಲೆ ಎತ್ತಿ ನಡೆಯಿರಿ, ಕಿವಿ ತೆರೆದಿರಲಿ

ಕಾರವಾರದ ಬಸ್ ನಿಲ್ದಾಣದಿಂದ ರಾತ್ರಿ ಒಬ್ಬರೇ ಕೋಡಿಬಾಗದ ಮನೆಗೆ ನಡೆಯುವಾಗ ಯಾರೋ ಬೆನ್ನಿಗೆ ಬಿದ್ದಂತಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಆ ಅಳುಕನ್ನು ನಂಬಿ.

1981ರಲ್ಲಿ ಗ್ರೇಸನ್ ಮತ್ತು ಸ್ಟೈನ್ ಎಂಬ ಸಂಶೋಧಕರು ನ್ಯೂಯಾರ್ಕಿನ ಪಾದಚಾರಿಗಳ ವಿಡಿಯೊಗಳನ್ನು ಹಲ್ಲೆಗಾಗಿ ಜೈಲು ಸೇರಿದವರಿಗೆ ತೋರಿಸಿದ್ದರು. ಸುಲಭವಾಗಿ ಸಿಗುವವರೆಂದು ಕೈದಿಗಳು ಆರಿಸಿದವರ ನಡಿಗೆಯೇ ಬೇರೆಯಿತ್ತು: ಹೆಜ್ಜೆ ಅತಿ ಉದ್ದ ಇಲ್ಲವೇ ಅತಿ ಗಿಡ್ಡ, ಕೈಕಾಲುಗಳಿಗೆ ಹೊಂದಿಕೆಯಿಲ್ಲ. ನೀವು ಸಹಜ ಹೆಜ್ಜೆಯಲ್ಲಿ, ಸುತ್ತ ನೋಡುತ್ತ ನಡೆಯಿರಿ. ಇಯರ್‌ಫೋನ್ ಬೇಡವೇ ಬೇಡ. ಕಡಲಿನ ಸದ್ದಿಗೇ ಹಿಂದಿನ ಹೆಜ್ಜೆಸಪ್ಪಳ ಅರ್ಧ ಮುಚ್ಚಿಹೋಗುತ್ತದೆ.

ಅನುಮಾನ ಬಂದರೆ ರಸ್ತೆ ದಾಟಿ. ಅವನೂ ದಾಟಿದರೆ ತಿರುಗಿ ನೇರವಾಗಿ ನೋಡಿ, ದೀಪವಿರುವ ಅಂಗಡಿ ಹೊಕ್ಕು 112ಕ್ಕೆ ಕರೆ ಮಾಡಿ. ನನ್ನ ಮಗಳಿಗೂ ಹೇಳಿದ್ದೇನೆ, ಆಗ ಮನೆಯ ದಾರಿ ಹಿಡಿಯಲೇಬಾರದು. ಅವನಿಗೆ ನಿಮ್ಮ ಬಾಗಿಲು ಗೊತ್ತಾಗುತ್ತದೆ.