ಟಾನಿಕ್ ಬೇಡ, ಮಾತ್ರೆಯ ಡಬ್ಬಿ ತನ್ನಿ

ಪ್ರಶ್ನೆ: ತಾಯಿಗೆ 72 ವರ್ಷ. ಮೂರು ತಿಂಗಳಿನಿಂದ ಕೇಳಿದ್ದನ್ನೇ ಕೇಳುತ್ತಾರೆ, ಹಾಲಿನವನಿಗೆ ಎರಡೆರಡು ಸಲ ಹಣ ಕೊಡುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ನಿದ್ದೆಗೆ ಅಲ್ಪ್ರಾಜೋಲಾಂ, ನೆಗಡಿಯಾದರೆ ಅಂಗಡಿಯ ಮಾತ್ರೆ. ‘ಅರವತ್ತಕ್ಕೆ ಅರಳು ಮರಳು’ ಎನ್ನುತ್ತಾರೆ ಬಂಧುಗಳು. ನೆನಪಿಗೆ ಯಾವ ಟಾನಿಕ್ ಒಳ್ಳೆಯದು?

ಉತ್ತರ: ಟಾನಿಕ್ ಕೇಳುವ ಪತ್ರ ಪ್ರತಿ ವಾರ ಬರುತ್ತದೆ; ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಹೆಸರು ಬರೆಯುವವರು ವಿರಳ. ನೀವು ಬರೆದದ್ದು ಒಳ್ಳೆಯದಾಯಿತು.

ಮೊದಲು ಆ ಗಾದೆಯನ್ನು ಬಿಡಿ. ಅದನ್ನು ನಂಬಿ ವರ್ಷಗಟ್ಟಲೆ ಸುಮ್ಮನಿದ್ದು ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಜೀವಮಾನವೆಲ್ಲ ಮನೆಯ ಲೆಕ್ಕ ನೋಡಿಕೊಂಡವರು ಮೂರೇ ತಿಂಗಳಲ್ಲಿ ಲೆಕ್ಕ ತಪ್ಪಿದರೆ ಕಾರಣ ಹುಡುಕಲೇಬೇಕು. ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಳಲ್ಲಿ ಮೆಲ್ಲಗೆ ಬೆಳೆಯುತ್ತದೆ. ಇಷ್ಟು ಬೇಗ ಕಾಣಿಸಿಕೊಂಡ ಮರೆವಿನಲ್ಲಿ ಸರಿಪಡಿಸಬಹುದಾದ ಕಾರಣವೂ ಇರಬಹುದು.

ಅಲ್ಪ್ರಾಜೋಲಾಂ ಇಳಿವಯಸ್ಸಿನಲ್ಲಿ ನೆನಪನ್ನು ಮಂಕಾಗಿಸುತ್ತದೆ, ರಾತ್ರಿ ಎದ್ದಾಗ ಬೀಳಿಸುತ್ತದೆ. ಎಪ್ಪತ್ತು ದಾಟಿದವರಿಗೆ ಅದನ್ನು ಹೊಸದಾಗಿ ಬರೆದುಕೊಡಲು ನಾನು ಹೆದರುತ್ತೇನೆ. ಹಾಗೆಂದು ನಾಳೆಯೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರೇ ಹಂತ ಹಂತವಾಗಿ ಇಳಿಸಬೇಕು. ಅನೇಕ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ. ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಹೀಗೆಯೇ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಆದರೆ ದೀರ್ಘಕಾಲ ತೆಗೆದುಕೊಂಡವರಲ್ಲಿ ನೆನಪಿಗೂ ಬೇಕಾದ ಬಿ12 ಜೀವಸತ್ವ ಕುಗ್ಗಬಹುದು. ತಾಯಿ ಸಸ್ಯಾಹಾರಿಯಾದರೆ ಆ ಅನುಮಾನ ಇನ್ನಷ್ಟು ಬಲವಾಗುತ್ತದೆ.

ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಮಾಡಿಸಿ. ಈಚೆಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರೇ ಕೇಳಿ. ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದಲೂ ವಾರಗಳ ಕಾಲ ಒಳಗೆ ರಕ್ತ ಶೇಖರವಾಗುವುದುಂಟು, ಅದು ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಮನಸ್ಸಿನ ಖಿನ್ನತೆಯೂ ಮರೆವಿನ ರೂಪದಲ್ಲಿ ಬರುತ್ತದೆ. ಇಡೀ ಡಬ್ಬಿಯನ್ನೇ ವೈದ್ಯರ ಮೇಜಿನ ಮೇಲೆ ಸುರಿಯಿರಿ, ಲೇಹ್ಯ, ಚೂರ್ಣ ಸಹಿತ. ಒಂದೇ ದಿನದಲ್ಲಿ ದಿಕ್ಕುತಪ್ಪಿದಂತೆ ಮಾತಾಡಿದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ದಿನಾ ಸುಡೊಕು ಬಿಡಿಸಿದರೆ ಸಾಕೇ?

ಉತ್ತರ: ಸಾಲದು. ನಡೆಯಿರಿ, ಬಿಪಿ ಹತೋಟಿಯಲ್ಲಿಡಿ, ನಾಲ್ಕು ಜನರೊಡನೆ ಮಾತಾಡಿ.

ಪ್ರಶ್ನೆ: ತಂದೆಗೆ ಕಿವಿ ಮಂದ. ಶ್ರವಣ ಯಂತ್ರ ಹಾಕಿಕೊಳ್ಳಲು ನಾಚಿಕೆ.

ಉತ್ತರ: ಒಪ್ಪಿಸಿ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಹೆಸರಿಸಿದ, ಮರೆವಿನ ಕಾಯಿಲೆಗೆ ದಾರಿಮಾಡುವ, ನಾವು ತಿದ್ದಬಹುದಾದ 14 ಅಪಾಯಗಳಲ್ಲಿ ಕಿವುಡೂ ಒಂದು.

ಪ್ರಶ್ನೆ: ಆಲ್ಝೈಮರ್ ಪೂರ್ತಿ ಗುಣಪಡಿಸುವುದಾಗಿ ಒಬ್ಬರು 40,000 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಥ ಔಷಧ ಇಂದಿಗೂ ಯಾರ ಬಳಿಯೂ ಇಲ್ಲ.