ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿನ ಎ.ಸಿ. ಫ್ಯಾನ್ ಕೈಕೊಟ್ಟಾಗ

ಬಿಸಿಲು ಏರುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕಾರಿನೊಳಗೆ ಎ.ಸಿ. ಗಾಳಿ ತಳ್ಳುವ ಬ್ಲೋವರ್ ಫ್ಯಾನಿನ ದೂರುಗಳೇ ಹೆಚ್ಚು. ಹಲವರು ಈಗಾಗಲೇ ಒಂದೆರಡು ಸಾಮಾನು ಬದಲಿಸಿದ ಮೇಲೆ ಬರೆದಿದ್ದಾರೆ. ಸಾಮಾನು ಕೊಳ್ಳುವ ಮುಂಚೆ ಅರ್ಧ ತಾಸು ಅಳತೆ ಮಾಡಿ ನೋಡಿದ್ದರೆ ಅವರಲ್ಲಿ ಬಹಳಷ್ಟು ಜನರಿಗೆ ಆ ಖರ್ಚು ಉಳಿಯುತ್ತಿತ್ತು.

ಪ್ರಶ್ನೆ: ಎಂಟು ವರ್ಷ ಹಳೆಯ ಕಾರು. ಫ್ಯಾನ್ 1, 2, 3ರಲ್ಲಿ ತಿರುಗುವುದಿಲ್ಲ, 4ಕ್ಕೆ ಹಾಕಿದರೆ ಮಾತ್ರ ಜೋರಾಗಿ ತಿರುಗುತ್ತದೆ. ಹೋದ ವರ್ಷ ಇದೇ ತೊಂದರೆಗೆ ರೆಸಿಸ್ಟರ್ ಬದಲಿಸಿದ್ದೆವು, ಈಗ ಮತ್ತೆ ಅದೇ ಕತೆ. ಮೆಕ್ಯಾನಿಕ್ ಇನ್ನೊಂದು ರೆಸಿಸ್ಟರ್ ಹಾಕೋಣ ಅನ್ನುತ್ತಾರೆ. ಹಾಕಿಸಲೇ?
– ಓದುಗರು, ಕಲಬುರಗಿ

ಉತ್ತರ: ಹಾಕಿಸಿ. ಆದರೆ ಮೊದಲಿನದು ಯಾಕೆ ಸುಟ್ಟಿತು ಎಂದು ನೋಡದೆ ಹಾಕಿಸಬೇಡಿ.

ನೀವು ಹೇಳಿದ ಲಕ್ಷಣ ರೆಸಿಸ್ಟರ್ ಹೋಗಿರುವುದಕ್ಕೆ ಸ್ಪಷ್ಟ ಗುರುತು. ಮ್ಯಾನ್ಯುಯಲ್ ಎ.ಸಿ. ಇರುವ ಕಾರಿನಲ್ಲಿ 4ನೇ ಸ್ಪೀಡಿಗೆ ಹಾಕಿದಾಗ ರೆಸಿಸ್ಟರಿನ ಹಂಗಿಲ್ಲದೆ ಮೋಟರಿಗೆ ಪೂರ್ತಿ ಕರೆಂಟು ಸಿಗುತ್ತದೆ. ಕೆಳಗಿನ ಸ್ಪೀಡುಗಳಲ್ಲಿ ರೆಸಿಸ್ಟರಿನ ಸುರುಳಿಗಳು ಒಂದಷ್ಟು ವೋಲ್ಟೇಜನ್ನು ನುಂಗಿ ಉಳಿದದ್ದನ್ನು ಮೋಟರಿಗೆ ಬಿಡುತ್ತವೆ. ನುಂಗಿದ್ದೆಲ್ಲ ಶಾಖವಾಗುತ್ತದೆ. ಬ್ಯಾಟರಿಯ 12 ವೋಲ್ಟಿನಲ್ಲಿ ಮೋಟರಿಗೆ 4 ವೋಲ್ಟ್ ಸಿಕ್ಕು 4 ಆಂಪಿಯರ್ ಹರಿಯುತ್ತಿದ್ದರೆ ಮಿಕ್ಕ 8 ವೋಲ್ಟ್ ರೆಸಿಸ್ಟರಿನ ಪಾಲು, ಅಂದರೆ 32 ವ್ಯಾಟ್ ಬಿಸಿ. ಈ ಬಿಸಿ ಆರಲೆಂದೇ ರೆಸಿಸ್ಟರನ್ನು ಫ್ಯಾನಿನ ಗಾಳಿ ಬಡಿಯುವ ಜಾಗದಲ್ಲಿ ಕೂರಿಸಿರುತ್ತಾರೆ. ಅದರ ಮೇಲೊಂದು ಥರ್ಮಲ್ ಫ್ಯೂಸ್ ಇರುತ್ತದೆ. ಬಿಸಿ ಮಿತಿ ಮೀರಿದರೆ ಅದು ಕಡಿದುಹೋಗುತ್ತದೆ, ಆರಿದ ಮೇಲೂ ಮತ್ತೆ ಕೂಡುವುದಿಲ್ಲ. ಮೂರೂ ಸ್ಪೀಡು ಒಟ್ಟಿಗೆ ಸತ್ತರೆ ಬಹುತೇಕ ಇದೇ ಹೋಗಿರುತ್ತದೆ. ಒಂದೋ ಎರಡೋ ಸ್ಪೀಡು ಮಾತ್ರ ಸತ್ತಿದ್ದರೆ ಸುರುಳಿ ಕಡಿದಿರಬಹುದು, ಇಲ್ಲವೇ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು.

ಹೊಸ ರೆಸಿಸ್ಟರ್ ಒಂದೇ ವರ್ಷಕ್ಕೆ ಹೋಯಿತೆಂದರೆ ಮೂರು ಕಡೆ ಅನುಮಾನಪಡಬೇಕು.

ಮೊದಲನೆಯದು ಗಾಳಿ. ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡರೆ ರೆಸಿಸ್ಟರಿಗೆ ತಂಪು ಸಿಗುವುದಿಲ್ಲ. ತೊಗರಿ ರಾಶಿಯ ಹೊತ್ತಿನ ಹೊಟ್ಟು, ಎರೆಮಣ್ಣಿನ ಧೂಳು, ಶಹಾಬಾದ್ ಕಡೆಯ ಕಲ್ಲುಗಣಿಯ ಪುಡಿ, ಸೇಡಂ ರಸ್ತೆಯ ಸಿಮೆಂಟ್ ಲಾರಿಗಳ ಧೂಳು ಇವೆಲ್ಲ ಸೇರುವ ನಮ್ಮ ಭಾಗದಲ್ಲಿ ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಮುಗಿಯುವವರೆಗೆ ಕಾಯಬಾರದು. 5,000 ಕಿ.ಮೀ.ಗೊಮ್ಮೆ ಹೊರತೆಗೆದು ನೋಡಿ. ಬಿಸಿಲಿಗೆ ಹಿಡಿದಾಗ ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಬದಲಿಸಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೇ ಇರಲಿ. ಕೆಲವು ಕಾರುಗಳಲ್ಲಿ ಫಿಲ್ಟರಿಗೆ ಜಾಗವಿದ್ದರೂ ಫಿಲ್ಟರ್ ಇರುವುದಿಲ್ಲ. ಅಂಥ ಕಾರಿನಲ್ಲಿ ಧೂಳೆಲ್ಲ ನೇರ ಕೂಲಿಂಗ್ ಕಾಯಿಲಿಗೆ ಮೆತ್ತಿಕೊಳ್ಳುತ್ತದೆ.

ಎರಡನೆಯದು ಮೋಟರ್, ನಿಮ್ಮ ಕಾರಿನ ವಯಸ್ಸಿಗೆ ನಮ್ಮ ಹೆಚ್ಚಿನ ಅನುಮಾನ ಇದರ ಮೇಲೆಯೇ. ಬುಷ್ (ಮೋಟರಿನ ದಂಡ ಕೂತು ತಿರುಗುವ ಬಳೆ) ಒಣಗಿದ ಮೋಟರ್ ಬಿಗಿಯಾಗಿ ತಿರುಗುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ. ಆ ಹೆಚ್ಚಿನ ಕರೆಂಟೆಲ್ಲ ರೆಸಿಸ್ಟರಿನ ಮೂಲಕವೇ ಹೋಗಬೇಕು. ಮೋಟರನ್ನು ಇಳಿಸಿ ಅದರ ಫ್ಯಾನಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಡಿ. ಸರಾಗವಾಗಿ ಕೆಲವು ಸುತ್ತು ಹೊಡೆದು ನಿಲ್ಲಬೇಕು. ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಬುಷ್ ಹಿಡಿದಿದೆ. ಕರೆಂಟು ಅಳೆಯಬೇಕೆಂದರೆ ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಮನೆ ವೈರಿಂಗಿಗೆ ಬಳಸುವ ಎ.ಸಿ. ಕ್ಲ್ಯಾಂಪ್ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯ ಮಲ್ಟಿಮೀಟರಿನ ಆಂಪಿಯರ್ ಮಿತಿ 10, ಅದನ್ನು ನಡುವೆ ಸೇರಿಸಿದರೆ ಮೀಟರಿನ ಫ್ಯೂಸ್ ಹೋದೀತು. ಪೂರ್ತಿ ಸ್ಪೀಡಿನಲ್ಲಿ ಹೆಚ್ಚಿನ ಕಾರುಗಳ ಬ್ಲೋವರ್ 15ರಿಂದ 25 ಆಂಪಿಯರ್ ಎಳೆಯುತ್ತದೆ. ಹತ್ತು ನಿಮಿಷ ಓಡಿಸಿ ನೋಡಿ. ಅಂಕಿ ಸ್ಥಿರವಾಗಿ ನಿಂತರೆ ಅಥವಾ ತುಸು ಇಳಿದರೆ ಒಳ್ಳೆಯದು. ಏರುತ್ತಲೇ ಹೋದರೆ ಮೋಟರ್ ಬದಲಿಸದೆ ಗತಿಯಿಲ್ಲ.

ಮೂರನೆಯದು ಕಪ್ಲರ್, ಅಂದರೆ ವೈರುಗಳನ್ನು ಕೂಡಿಸುವ ಪ್ಲಗ್. ರೆಸಿಸ್ಟರಿನ ಕಪ್ಲರನ್ನು ಬಿಚ್ಚಿ ಪಿನ್ನುಗಳನ್ನು ನೋಡಿ. ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಹೊಸ ರೆಸಿಸ್ಟರನ್ನು ಅದೇ ಕಪ್ಲರಿಗೆ ಚುಚ್ಚಬೇಡಿ. ಸಡಿಲ ಪಿನ್ನಿನಲ್ಲಿ 0.1 ಓಮ್ ತಡೆ ಇದ್ದರೂ ಸಾಕು, 20 ಆಂಪಿಯರ್ ಹರಿಯುವಾಗ ಅಲ್ಲಿ 2 ವೋಲ್ಟ್ ನಷ್ಟವಾಗಿ 40 ವ್ಯಾಟ್ ಶಾಖ ಹುಟ್ಟುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ ಅಷ್ಟು ಬಿಸಿ! ವೈರ್ ಸಮೇತ ಹೊಸ ಕಪ್ಲರ್ ಹಾಕಿಸಿ, ಮೊದಲಿನಷ್ಟೇ ದಪ್ಪದ ವೈರ್ ಇರಲಿ. ಜೋಡಣೆಯನ್ನು ಕ್ರಿಂಪ್ ಮಾಡಿಸಿ, ಅಂದರೆ ಲೋಹದ ತುದಿಯನ್ನು ಇಕ್ಕಳದಿಂದ ಒತ್ತಿ ಬಿಗಿಸಿ. ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿದ ಜೋಡಣೆ ಮುಂದಿನ ಬೇಸಿಗೆಗೇ ಸುಡುತ್ತದೆ.

ಪ್ರಶ್ನೆ: ನಮ್ಮ ಗಾಡಿ ಫ್ಯಾನ್ ಒಮ್ಮೊಮ್ಮೆ ಚಾಲೂನೇ ಆಗಂಗಿಲ್ರಿ. ಡ್ಯಾಶ್‌ಬೋರ್ಡ್ ಕೆಳಗ ಕೈಲೆ ಎರಡ ಸಲ ಬಡದ್ರ ತಿರಗತದ. ಫ್ಯೂಸ್ ಚಲೋ ಅದ. ಮೋಟರ್ ಹೋಗ್ಯಾದೋ ವೈರಿಂಗ್ ದೋಷನೋ, ಮನ್ಯಾಗೇ ನೋಡಿ ತಿಳ್ಕೊಳಾಕ ಬರ್ತದೇನ್ರಿ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಖಂಡಿತ ಬರುತ್ತದೆ. ಬಡಿದರೆ ತಿರುಗುತ್ತದೆ ಎಂದರೆ ಸಾಮಾನ್ಯವಾಗಿ ಮೋಟರಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಸವೆದಿದೆ ಎಂದರ್ಥ. ಆದರೆ ಬಡಿದ ಪೆಟ್ಟಿಗೆ ಪಕ್ಕದ ಕಪ್ಲರೂ ಅಲ್ಲಾಡುತ್ತದೆ. ಹಾಗಾಗಿ ಈ ಒಂದೇ ಲಕ್ಷಣ ನಂಬಿ ಮೋಟರ್ ತರಬೇಡಿ.

ನಮ್ಮ ಕಾರುಗಳಲ್ಲಿ ಬ್ಲೋವರ್ ಹೆಚ್ಚಾಗಿ ಎಡಬದಿಯ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ. ಗ್ಲವ್ ಬಾಕ್ಸ್ ಬಿಚ್ಚುವ ಮೊದಲು ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ ಹತ್ತು ನಿಮಿಷ ಬಿಡಿ. ಅಲ್ಲೇ ಮೇಲೆ ಏರ್‌ಬ್ಯಾಗ್ ಇದ್ದೀತು. ಹಳದಿ ಬಣ್ಣದ ಕಪ್ಲರ್ ಕಂಡರೆ ಅದಕ್ಕೆ ಕೈ ಹಚ್ಚಬೇಡಿ, ಮೀಟರಂತೂ ಹಚ್ಚಲೇಬೇಡಿ.

ಮೋಟರಿನ ಎರಡು ಪಿನ್ನಿನ ಕಪ್ಲರನ್ನು ಕಳಚಿ, ಬ್ಯಾಟರಿ ಮತ್ತೆ ಜೋಡಿಸಿ, ಕೀ ಆನ್ ಮಾಡಿ ಫ್ಯಾನನ್ನು 4ಕ್ಕೆ ಇಡಿ. ಈಗ ಹಳೆಯ ಹೆಡ್‌ಲೈಟಿನ 55 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಕಪ್ಲರಿನ ಎರಡು ಪಿನ್ನುಗಳ ನಡುವೆ ಹಿಡಿಯಿರಿ. ಮಲ್ಟಿಮೀಟರಿಗಿಂತ ಬಲ್ಬನ್ನು ಮೊದಲು ಹೇಳಲು ಕಾರಣವಿದೆ. ಸುಟ್ಟು ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಅದಕ್ಕೆ ಕರೆಂಟು ಬೇಕಾಗುವುದಿಲ್ಲ. ಬಲ್ಬು ನಾಲ್ಕೂವರೆ ಆಂಪಿಯರ್ ಕೇಳುತ್ತದೆ, ದುರ್ಬಲ ವೈರ್ ಅಲ್ಲಿ ಸಿಕ್ಕಿಬೀಳುತ್ತದೆ. ಬಲ್ಬು ಪ್ರಖರವಾಗಿ ಉರಿದು, ವೈರ್ ಅಲ್ಲಾಡಿಸಿದರೂ ಮಿಣುಕದಿದ್ದರೆ ದೋಷ ಮೋಟರಿನದು.

ಬಲ್ಬು ಉರಿಯದಿದ್ದರೆ ಅದರ ಒಂದು ವೈರನ್ನು ಬಾಡಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ಒತ್ತಿ, ಇನ್ನೊಂದನ್ನು ಪಿನ್ನುಗಳಿಗೆ ಒಂದೊಂದಾಗಿ ಮುಟ್ಟಿಸಿ. ಯಾವುದಾದರೊಂದರಲ್ಲಿ ಉರಿದರೆ ಪಾಸಿಟಿವ್ ಬರುತ್ತಿದೆ, ಅರ್ಥಿಂಗ್ ಬದಿ (ಕರೆಂಟು ಬಾಡಿಗೆ ಮರಳುವ ದಾರಿ) ಕಡಿದಿದೆ. ಹಲವು ಕಾರುಗಳಲ್ಲಿ ಸ್ವಿಚ್ಚು, ರೆಸಿಸ್ಟರ್ ಎರಡೂ ಅರ್ಥಿಂಗ್ ಬದಿಯಲ್ಲೇ ಇರುವುದರಿಂದ ಹುಡುಕಾಟ ಅತ್ತ ಸಾಗಲಿ. ಎರಡರಲ್ಲೂ ಉರಿಯದಿದ್ದರೆ ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು, ನೋಡಿ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲು ಬದಲು ಮಾಡಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಫ್ಯಾನ್ ತಿರುಗುತ್ತದೆ, ಆದರೆ ಜೋರಿಲ್ಲ ಎನ್ನುವವರು ಮೀಟರ್ ಬಳಸಿ. 4ನೇ ಸ್ಪೀಡಿನಲ್ಲಿ ಫ್ಯಾನ್ ಓಡುತ್ತಿರುವಾಗಲೇ ಕಪ್ಲರಿನ ಹಿಂಬದಿಯಿಂದ ಅಳೆಯಿರಿ. ಬ್ಯಾಟರಿಯಲ್ಲಿ ಇರುವುದಕ್ಕೂ ಮೋಟರಿನ ಎರಡು ಪಿನ್ನುಗಳ ನಡುವೆ ಸಿಗುವುದಕ್ಕೂ 1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ಪ್ರಶ್ನೆ: ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರು. ಫ್ಯಾನ್ ಸದಾ ಪೂರ್ತಿ ಸ್ಪೀಡಿನಲ್ಲೇ ಓಡುತ್ತದೆ, ಗುಂಡಿ ಒತ್ತಿದರೂ ಕಡಿಮೆಯಾಗುವುದಿಲ್ಲ. ಮೊನ್ನೆ ಕೀ ತೆಗೆದ ಮೇಲೂ ಓಡುತ್ತಿತ್ತು, ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ರೆಸಿಸ್ಟರ್ ಬದಲಿಸಿದರೆ ಸರಿಹೋಗುವುದೇ?
– ಓದುಗರು, ಬೀದರ್

ಉತ್ತರ: ನಿಮ್ಮ ಕಾರಿನಲ್ಲಿ ಸುರುಳಿಯ ರೆಸಿಸ್ಟರ್ ಇರುವುದಿಲ್ಲ. ಅದರ ಜಾಗದಲ್ಲಿ ಫ್ಯಾನಿನ ಸ್ಪೀಡು ಹೊಂದಿಸುವ, ಅಲ್ಯುಮಿನಿಯಂ ರೆಕ್ಕೆಗಳಿರುವ ಪವರ್ ಮಾಡ್ಯೂಲ್ ಇದೆ. ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ನೀವು ಹೇಳಿದಂತೆಯೇ ಆಗುತ್ತದೆ. ರಿಪೇರಿ ಆಗುವವರೆಗೆ ಗಾಡಿ ನಿಲ್ಲಿಸಿದಾಗೆಲ್ಲ ಬ್ಲೋವರ್ ಫ್ಯೂಸ್ ತೆಗೆದಿಡಿ. ಬ್ಯಾಟರಿ ಉಳಿಯುವುದಷ್ಟೇ ಅಲ್ಲ, ನಿಂತ ಗಾಡಿಯಲ್ಲಿ ವೈರ್ ಬಿಸಿಯಾಗುವ ಅಪಾಯವೂ ತಪ್ಪುತ್ತದೆ.

ಖಚಿತಪಡಿಸಿಕೊಳ್ಳಲು ಮಾಡ್ಯೂಲಿಗೆ ಬರುವ ಸಣ್ಣ ಕಂಟ್ರೋಲ್ ವೈರನ್ನು ಮೀಟರಿನಲ್ಲಿ ನೋಡಿ. ಗುಂಡಿ ಒತ್ತಿದಂತೆ ಅಲ್ಲಿನ ಅಂಕಿ ಬದಲಾಗುತ್ತಿದ್ದರೂ ಫ್ಯಾನ್ ಬದಲಾಗದಿದ್ದರೆ ಮಾಡ್ಯೂಲ್ ಹೋಗಿದೆ. ಅಂಕಿಯೇ ಬದಲಾಗದಿದ್ದರೆ ಪ್ಯಾನೆಲ್ ಅಥವಾ ನಡುವಿನ ವೈರ್ ನೋಡಬೇಕು. ಈ ವೈರಿಗೆ ಬಲ್ಬು ಹಚ್ಚಬೇಡಿ, ಅಷ್ಟು ಕರೆಂಟನ್ನು ಪ್ಯಾನೆಲ್ ತಡೆಯಲಾರದು. ಮಾಡ್ಯೂಲ್ ಬದಲಿಸುವಾಗ ಮೇಲೆ ಹೇಳಿದ ಹಾಗೆ ಮೋಟರಿನ ಕರೆಂಟನ್ನೂ ಅಳೆಸಿ.

ಇದೇ ಬಗೆಯ ಕಾರಿರುವ ಉಳಿದವರಿಗೆ ಒಂದು ಮಾತು. ಆಟೊದಲ್ಲಿಟ್ಟಾಗ ಫ್ಯಾನ್ ಮೊದಲು ಜೋರಾಗಿ ಓಡಿ, ಒಳಗೆ ತಂಪಾದಂತೆ ತಾನೇ ಇಳಿಯುವುದು ದೋಷವಲ್ಲ. ಕಾರಣವಿಲ್ಲದೆ ಏರಿಳಿಯುತ್ತಿದ್ದರೆ ಸ್ಟೀರಿಂಗ್ ಆಸುಪಾಸಿನಲ್ಲಿರುವ ಸಣ್ಣ ಜಾಲರಿಯ ಧೂಳು ತೆಗೆಯಿರಿ, ಒಳಗಿನ ತಾಪ ಅಳೆಯುವ ಸೆನ್ಸರ್ ಅದರ ಹಿಂದಿದೆ. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಕಪ್ಪು ಗುಬ್ಬಿಯಂಥದು ಬಿಸಿಲಿನ ಸೆನ್ಸರ್ ಆಗಿರಬಹುದು. ಅದರ ಮೇಲೆ ಬಟ್ಟೆ ಹೊದಿಸಿದರೆ, ದೇವರ ಮೂರ್ತಿ ಇಟ್ಟರೆ ಕಾರಿಗೆ ಮೇ ತಿಂಗಳ ಬಿಸಿಲೂ ನೆರಳೆಂದೇ ತಿಳಿಯುತ್ತದೆ. ಮೂರ್ತಿಯನ್ನು ಒಂದು ಗೇಣು ಪಕ್ಕಕ್ಕೆ ಇಡಿ.

ಪ್ರಶ್ನೆ: ಅರ್ಧ ತಾಸು ಓಡಿಸಿದ ಮೇಲೆ ಗಾಳಿ ನಿಂತೇಹೋಗುತ್ತದೆ. ಫ್ಯಾನಿನ ಸದ್ದು ಕೇಳುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಬಂದ್ ಮಾಡಿ ಹಾಕಿದರೆ ಮತ್ತೆ ಸರಿ.
– ಓದುಗರು, ಸೇಡಂ

ಉತ್ತರ: ನಿಮ್ಮ ಫ್ಯಾನ್ ಚೆನ್ನಾಗಿದೆ. ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿದೆ. ಪರೀಕ್ಷೆ ಸುಲಭ: ಗಾಳಿ ಇಳಿದ ಕೂಡಲೇ ಎ.ಸಿ. ಗುಂಡಿ ಮಾತ್ರ ಆಫ್ ಮಾಡಿ, ಫ್ಯಾನ್ ಓಡಲಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ಮರಳಿ, ಕಾರಿನ ಕೆಳಗೆ ನೀರು ಹೆಚ್ಚಾಗಿ ಸುರಿದರೆ ಮಂಜೇ ಸರಿ. ಮೊದಲು ಫಿಲ್ಟರ್, ಆಮೇಲೆ ಕಾಯಿಲಿಗೆ ಚುಚ್ಚಿರುವ ತಾಪದ ಸೆನ್ಸರ್, ಕೊನೆಗೆ ಗ್ಯಾಸಿನ ಒತ್ತಡ ಮತ್ತು ಎಕ್ಸ್‌ಪ್ಯಾನ್ಶನ್ ವಾಲ್ವ್, ಈ ಕ್ರಮದಲ್ಲಿ ನೋಡಿಸಿ.

ಪ್ರಶ್ನೆ: ಬ್ಲೋವರ್ ಫ್ಯೂಸ್ ಪದೇಪದೇ ಹೋಗುತ್ತದೆ. 30 ಆಂಪಿಯರ್ ಬದಲು 40 ಹಾಕಬಹುದೇ? ಬ್ಯಾಟರಿಯಿಂದ ನೇರ ವೈರ್ ಎಳೆಯಬಹುದು ಎಂದೂ ಒಬ್ಬರು ಹೇಳಿದರು.
– ಓದುಗರು, ಹುಮನಾಬಾದ್

ಉತ್ತರ: ಎರಡನ್ನೂ ಮಾಡಬೇಡಿ. ಫ್ಯೂಸಿನ ಅಳತೆ ವೈರಿನ ದಪ್ಪಕ್ಕೆ ಹೊಂದಿಸಿದ್ದು. 40 ಹಾಕಿದರೆ ಫ್ಯೂಸಿಗೆ ಬದಲಾಗಿ ಡ್ಯಾಶ್‌ಬೋರ್ಡ್ ಒಳಗಿನ ವೈರ್ ಸುಡುತ್ತದೆ, ಸುತ್ತಲೂ ಪ್ಲಾಸ್ಟಿಕ್ಕು, ಸ್ಪಂಜು. ರೆಸಿಸ್ಟರಿನ ಥರ್ಮಲ್ ಫ್ಯೂಸನ್ನು ತಂತಿಯಿಂದ ಬೆಸೆಯುವುದೂ ಇದೇ ಅಪಾಯದ ಕೆಲಸ. ಮೋಟರ್ ಕಪ್ಲರ್ ಕಳಚಿ ಹೊಸ 30ರ ಫ್ಯೂಸ್ ಹಾಕಿ. ಆಗಲೂ ಹೋದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ಇಲಿ ಕಡಿದಿರುವ ಸಾಧ್ಯತೆ ಬಹಳ. ಹೋಗದಿದ್ದರೆ ಮೋಟರ್ ಬಿಗಿಯಾಗಿದೆ, ಇಲ್ಲವೇ ಅದರೊಳಗೆ ಶಾರ್ಟ್ ಇದೆ.

ಪ್ರಶ್ನೆ: ಫ್ಯಾನ್ ಹಾಕಿದರೆ ಟಕಟಕ ಸದ್ದು, ಸ್ಪೀಡು ಹೆಚ್ಚಿಸಿದಂತೆ ಸದ್ದೂ ಹೆಚ್ಚು. ಕಾರು ಮನೆ ಮುಂದಿನ ಬೇವಿನ ಮರದಡಿ ನಿಲ್ಲುತ್ತದೆ.
– ಓದುಗರು, ಆಳಂದ

ಉತ್ತರ: ಎಲೆ, ಕಡ್ಡಿ ಅಥವಾ ಬೇವಿನ ಬೀಜ ಚಕ್ರದೊಳಗೆ ಬಿದ್ದಿದೆ. ಮೋಟರನ್ನು ಹಿಡಿದಿರುವ ಸ್ಕ್ರೂ ಸಾಮಾನ್ಯವಾಗಿ ಮೂರೇ, ಇಳಿಸಿ ಒಣ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಚಕ್ರದ ಅಂಚಿನಲ್ಲಿ ಸಣ್ಣ ಲೋಹದ ಕ್ಲಿಪ್ ಕಂಡರೆ ಕಸವೆಂದು ಕೀಳಬೇಡಿ. ಅದು ಚಕ್ರದ ತೂಕ ಸರಿದೂಗಿಸಲು ಹಾಕಿದ್ದು, ತೆಗೆದರೆ ಫ್ಯಾನ್ ನಡುಗಲು ಶುರುವಾಗುತ್ತದೆ. ಸ್ವಚ್ಛ ಮಾಡಿದ ಮೇಲೂ ಕೀಚಲು ಸದ್ದು ಉಳಿದರೆ ಬುಷ್ ಸವೆದಿದೆ. ಎಣ್ಣೆ ಬಿಟ್ಟರೆ ಸದ್ದು ಕೆಲವು ದಿನ ಅಡಗುತ್ತದೆ, ಸವೆತ ಹಾಗೇ ಇರುತ್ತದೆ. ಬಾನೆಟ್ ತೆಗೆದು ಗಾಜಿನ ಬುಡದ ಜಾಲರಿಯ ಕೆಳಗೂ ಎಲೆ ತೆಗೆಯಿರಿ. ಅಲ್ಲಿನ ನೀರು ಹೋಗುವ ತೂತು ಕಟ್ಟಿಕೊಂಡರೆ ಮೊದಲ ಮಳೆಯ ನೀರು ನೇರ ಬ್ಲೋವರಿಗೆ ಇಳಿಯುತ್ತದೆ. ಜೂನ್ ಬರುವ ಮೊದಲೇ ಒಂದು ಚೊಂಬು ನೀರು ಹೊಯ್ದು, ಅದು ಕಾರಿನ ಮುಂದಿನ ಟೈರಿನ ಹಿಂಬದಿಯಿಂದ ನೆಲಕ್ಕೆ ಇಳಿಯುತ್ತದೆಯೇ ನೋಡಿ.